ಗಂಟೆ ಬಡಿಯದೆ ಮೊಟ್ಟೆ ಒಡೆಯದವಳು

ಸ್ಕಾರ್‌ಬೆಕ್ ಎಂಬ ಉತ್ತರದ ಹಳ್ಳಿಗೆ ಬಂದ ಮೊದಲ ವಾರದಲ್ಲೇ ಆಂಬ್ರೋಸ್ ಪೆನಿಫೋಲ್ಡ್ ಮೇಷ್ಟ್ರು ಸತ್ತವನೊಬ್ಬನ ಬಿಸ್ಕತ್ತನ್ನು ಚಹಾದ ಜೊತೆ ತಿಂದುಬಿಟ್ಟರು. ತಿಂದದ್ದು ತಪ್ಪಲ್ಲ, ಕೊಟ್ಟದ್ದೇ ತಿನ್ನುವುದಕ್ಕೆ. ತಿಂದಮೇಲೆ ಅವರು ಮಾಡಿದ್ದನ್ನು ಮಾತ್ರ ಊರು ಇಪ್ಪತ್ತು ವರ್ಷ ಮರೆಯಲಿಲ್ಲ.

ಮಂಗಳವಾರ ಬೆಳಿಗ್ಗೆ ಯಾರೋ ಬಾಗಿಲು ತಟ್ಟಿದರು. ಹೊಸ್ತಿಲಲ್ಲಿ ಅಗಲ ಭುಜದ, ಬಿಳಿ ಏಪ್ರನ್ನಿನ ಹೆಂಗಸೊಬ್ಬಳು ಬುಟ್ಟಿ ಹಿಡಿದು ನಿಂತಿದ್ದಳು. ಬಿಳಿ ಕಾಗದದ ಪುಟ್ಟ ಪೊಟ್ಟಣವೊಂದನ್ನು ಮೇಷ್ಟ್ರ ಕೈಗಿಟ್ಟು, "ಗುರುವಾರ ಎರಡು ಗಂಟೆಗೆ, ಗಂಟೆ ಜೋಬನ ಮನೇಲಿ" ಎಂದಷ್ಟೇ ಹೇಳಿ ಹೊರಟುಹೋದಳು. ಪೊಟ್ಟಣದೊಳಗೆ ಬೆರಳುದ್ದದ ಎರಡು ಬಿಸ್ಕತ್ತು. ಮೇಲೆ ಕಪ್ಪು ಅರಗಿನ ಮುದ್ರೆ.

"ಕಪ್ಪು ಅರಗು, ರೀ" ಎಂದಳು ಹೆಂಡತಿ ಲವೀನಿಯಾ.

ಮೇಷ್ಟ್ರು ಯಾವುದನ್ನೂ ವಿವರಿಸದೆ ಬಿಡುವವರಲ್ಲ. ಗಂಡ ಸತ್ತ ರಾಣಿಯೇ ಹತ್ತು ವರ್ಷದಿಂದ ಕಪ್ಪುಬಟ್ಟೆ ಬಿಡದಿರುವ ಕಾಲದಲ್ಲಿ ಯಾರ ಮನೆಯಲ್ಲಿ ಕಪ್ಪು ಅರಗಿಲ್ಲ? ಇದ್ದದ್ದನ್ನೇ ಬಳಸಿದ್ದಾರೆ. ಉತ್ತರದ ಜನ ಮಿತವ್ಯಯಿಗಳು, ಕಲಿಯಬೇಕಾದ ಗುಣ. ಹೀಗೆ ವಿವರಿಸಿ, ಬಿಸ್ಕತ್ತನ್ನು ಮೆಚ್ಚಿಕೊಂಡು ತಿಂದು, "ಬಹಳ ರುಚಿಯಾಗಿತ್ತು, ಇನ್ನೂ ಇದ್ದರೆ ಕಳಿಸಿ" ಎಂದು ಜೋಬನ ಮನೆಗೆ ಚೀಟಿ ಬರೆದರು. ಗುರುವಾರ ಎರಡಕ್ಕೆ ಸರಿಯಾಗಿ ಕೈಯಲ್ಲಿ ಕಿತ್ತಳೆ ಜಾಮಿನ ಜಾಡಿ ಹಿಡಿದು, ಹಳದಿ ರಿಬ್ಬನ್ನಿನ ಟೋಪಿ ತೊಟ್ಟ ಹೆಂಡತಿಯೊಡನೆ ಹೋದರು. "ಇಂಥ ಸಂತೋಷದ ಸಮಾರಂಭಕ್ಕೆ ಹೊಸಬರಾದ ನಮ್ಮನ್ನು..." ಎಂದು ಶುರುಮಾಡಿದ ಮೇಲೆ ಅವರ ಕಣ್ಣು ಒಳಗೆ ಹೋಯಿತು. ಎರಡು ಕುರ್ಚಿಗಳ ಮೇಲೆ ಶವಪೆಟ್ಟಿಗೆ ಇತ್ತು. ಪೆಟ್ಟಿಗೆಯಲ್ಲಿ, ಚರ್ಚಿನ ಗಂಟೆ ಬಾರಿಸುತ್ತಿದ್ದ ಗಂಟೆ ಜೋಬ್ ಇದ್ದ. ಊರವರೆಲ್ಲ ಕಪ್ಪುಬಟ್ಟೆಯಲ್ಲಿ ಇವರನ್ನೇ ನೋಡುತ್ತಿದ್ದರು.

ಬುಟ್ಟಿಯ ಹೆಂಗಸು ಎದ್ದು ಬಂದಳು. ಮೇಷ್ಟ್ರ ಕೈಯಿಂದ ಜಾಡಿಯನ್ನು ಕಿತ್ತು ಬೆಂಚಿನ ಕೆಳಗೆ ತಳ್ಳಿದಳು. ತನ್ನ ಕಪ್ಪು ಶಾಲು ಬಿಚ್ಚಿ ಲವೀನಿಯಾಳಿಗೆ ಹೊದಿಸಿ, "ತಲೆ ಮೇಲೂ ಎಳ್ಕೊಳ್ಳಿ ತಾಯಿ, ಹಳದಿ ಕಾಣುತ್ತೆ" ಎಂದಳು.

ವಾಪಸು ಬರುವಾಗ ಲವೀನಿಯಾ ಹೇಳಿದ್ದು ಒಂದೇ ಮಾತು: "ರೀ, ಇನ್ಮೇಲೆ ಅರಗಿನ ವಿಷಯ ನನಗೆ ಬಿಡಿ."

ಆ ಹೆಂಗಸು ಡಾರ್ಕಸ್ ಕೇರ್ಟನ್. ಊರಿಗೆ ಡಾರ್ಕಸಮ್ಮ. ಗುಡ್ಡದ ಮೇಲಿನ ಸೀಸದ ಗಣಿಯ ಸಾಲುಮನೆಯಲ್ಲಿ ಒಂಬತ್ತನೆಯ ಮಗುವಾಗಿ ಹುಟ್ಟಿ, ಹನ್ನೊಂದನೇ ವಯಸ್ಸಿಗೆ ದೊಡ್ಡಮನೆಯ ಅಡಿಗೆಮನೆ ಸೇರಿದವಳು. ಹತ್ತು ವರ್ಷ ಮರಳು ಹಾಕಿ ತಾಮ್ರದ ಪಾತ್ರೆ ಉಜ್ಜಿದಳು, ಏಳು ವರ್ಷ ಇನ್ನೊಬ್ಬಳ ಕೈಕೆಳಗೆ ಬೈಸಿಕೊಂಡು ಬೇಯಿಸಿದಳು. ಇಪ್ಪತ್ತೆಂಟಕ್ಕೆ ತಾನೇ ಮುಖ್ಯ ಅಡಿಗೆಯವಳಾದಾಗ 'ಮಿಸೆಸ್' ಕೇರ್ಟನ್ ಆದಳು. ದೊಡ್ಡಮನೆಗಳಲ್ಲಿ ಅಡಿಗೆಯವಳಿಗೆ ಮದುವೆ ಆಗಿರಲಿ ಬಿಡಲಿ, ಆ ಗೌರವ ಸಲ್ಲುತ್ತದೆ. ಇದನ್ನರಿಯದ ಮೇಷ್ಟ್ರು ಒಮ್ಮೆ ಮುಖ ಸಪ್ಪಗೆ ಮಾಡಿಕೊಂಡು, "ಯಜಮಾನರು ಹೋಗಿ ಎಷ್ಟು ವರ್ಷವಾಯ್ತು?" ಎಂದು ಕೇಳಿದ್ದರು.

"ಹೋಗೋದೆಲ್ಲಿ ಬಂತು ಮೇಷ್ಟ್ರೇ, ಅವರಿನ್ನೂ ಹುಟ್ಟೇ ಇಲ್ಲ."

ದೊಡ್ಡಮನೆಯ ಹಳೇ ಧಣಿ ಸತ್ತು ಮನೆಗೆ ಬೀಗ ಬಿದ್ದ ಮೇಲೆ ಅವಳು ಚರ್ಚಿನ ಹಿಂದಿನ ಗುಡಿಸಲಿಗೆ ಬಂದಳು. ಅದನ್ನೇ ಆರಿಸಿಕೊಂಡದ್ದು ಅಲ್ಲಿ ಇಟ್ಟಿಗೆಯ ಭಟ್ಟಿ ಇದ್ದುದರಿಂದ. ವಾರವೆಲ್ಲ ರೊಟ್ಟಿ ಸುಡುತ್ತಿದ್ದಳು. ಊರಿನಲ್ಲಿ ಸಾವಾದರೆ ಬಿಸ್ಕತ್ತು ಮಾಡಿ, ಕಾಗದ ಸುತ್ತಿ, ಅರಗೊತ್ತಿ, ಮನೆಮನೆಗೆ ಒಯ್ದು ಕರೆಯುತ್ತಿದ್ದಳು. ಪೊಟ್ಟಣ ಬಂದ ಮನೆಯವರು ಮಣ್ಣಿಗೆ ಬರಬೇಕು. ಪೊಟ್ಟಣ ಬಾರದ ಮನೆಯವರು ಬರುವ ಹಾಗಿಲ್ಲ. ಪಾದ್ರಿಗಳ ಮಾತಿಗೆ ಎರಡು ಅರ್ಥ ಬಂದರೂ ಬರಬಹುದು, ಡಾರ್ಕಸಮ್ಮನ ಪೊಟ್ಟಣಕ್ಕೆ ಒಂದೇ.

ಮೇಷ್ಟ್ರಿಗೆ ಒಂದು ಮಹದುದ್ದೇಶವಿತ್ತು. ನಾಡಿನ ಅಡಿಗೆ ಕೆಟ್ಟಿರುವುದಕ್ಕೆ ಗಣಿತದ ಕೊರತೆಯೇ ಕಾರಣವೆಂದು ಅವರು ನಂಬಿದ್ದರು. ಊರ ಹೆಂಗಸರ ಅಡಿಗೆಗಳನ್ನೆಲ್ಲ ತೂಕ, ಅಳತೆ, ನಿಮಿಷಗಳ ಸಮೇತ ಬರೆದು ಅಚ್ಚು ಹಾಕಿಸಿ, ಮಾರಾಟವಾದದ್ದರಲ್ಲಿ ಚರ್ಚಿನ ಸೋರುವ ಮಾಡು ರಿಪೇರಿ ಮಾಡಿಸುವುದು ಅವರ ಯೋಜನೆ. ಗಿರಣಿಯ ಮುದುಕ ಸತ್ತ ಮಾರನೇ ದಿನ ಹಿತ್ತಾಳೆ ತಕ್ಕಡಿ, ಗಡಿಯಾರ, ನೋಟುಪುಸ್ತಕ ಹಿಡಿದು ಡಾರ್ಕಸಮ್ಮನ ಮುಕ್ಕಾಲಿಯ ಮೇಲೆ ಕೂತರು.

"ಸಕ್ಕರೆ ಎಷ್ಟು?"

"ಮೊಟ್ಟೆಯಷ್ಟು ತೂಕ."

"ಮೊಟ್ಟೆ ಎಷ್ಟು ದೊಡ್ಡದು?"

"ಅದನ್ನ ಕೋಳೀನ ಕೇಳ್ಬೇಕು."

"ಎಷ್ಟು ಹೊತ್ತು ಕಡೆಯಬೇಕು?"

"ತೋಳು ಸಾಕು ಅನ್ನೋವರೆಗೆ. ಆಮೇಲೆ ಇನ್ನೊಂದಷ್ಟು."

ಮೇಷ್ಟ್ರು 'ತೋಳು' ಎಂದು ಬರೆದು ಮುಂದೆ ಪ್ರಶ್ನೆಚಿಹ್ನೆ ಹಾಕಿಕೊಂಡರು. ಡಾರ್ಕಸಮ್ಮ ಬರ್ಚ್ ಮರದ ಕಡ್ಡಿಗಳ ಕಟ್ಟಿನಿಂದ ಮೊಟ್ಟೆ ಸಕ್ಕರೆ ಕಡೆದಳು, ಹಿಟ್ಟನ್ನೂ ಶಾಜೀರಿಗೆಯನ್ನೂ ಮೆಲ್ಲಗೆ ಬೆರೆಸಿದಳು. ಭಟ್ಟಿಯ ಕೆಂಡ ಬೂದಿ ಎಳೆದುಹಾಕಿ, ಒದ್ದೆ ಬಟ್ಟೆಯಿಂದ ಒಳಗೆಲ್ಲ ಒರೆಸಿ, ಬರಿಗೈಯನ್ನು ಮೊಣಕೈವರೆಗೆ ಒಳಗಿಟ್ಟಳು. ಕಣ್ಣು ಮುಚ್ಚಿ ಶುರುಮಾಡಿದಳು: "ಸೇತುವೆ ತಲೆ. ಗಿರಣಿ ಮನೆ. ಚರ್ಮದ ಹದಗಾರರ ಮನೆ. ಕೆಳಗಿನ ಬಾವಿ..." ಹೀಗೆ ಊರ ಬುಡದಿಂದ ತುದಿಯವರೆಗೆ ಹೋಗಿ, "ಕಮ್ಮಾರಸಾಲೆ" ಎಂದು ಕೈ ಹೊರಗೆಳೆದಳು.

"ಕಮ್ಮಾರಸಾಲೆ ಮುಟ್ಟೋಕ್ಮುಂಚೆ ಕೈ ಸುಟ್ರೆ ಬಿಸ್ಕತ್ತೂ ಸುಡುತ್ತೆ. ಮುಟ್ಟಿದ್ಮೇಲೂ ಸುಖವಾಗಿದ್ರೆ ತಣ್ಣಗಾಯ್ತು ಅಂತ."

ಮೇಷ್ಟ್ರು ಎಣಿಸಿದ್ದರು. ಹನ್ನೆರಡು ಮನೆ. "ಶಾಲೆಮನೆ ಸೇತುವೆಯ ಈಚೆಗೇ ಇದೆಯಲ್ಲ, ಅದನ್ನು ಬಿಟ್ಟಿರಿ."

"ಅದು ಹೊಸ ಮನೆ ಮೇಷ್ಟ್ರೇ. ಅಲ್ಲಿನ್ನೂ ಯಾರೂ ಸತ್ತಿಲ್ಲ."

ಹೊಗೆಗೂಡು ಏಳದ ಮನೆಯ ಬಗ್ಗೆ ಹೇಳುವ ಹಾಗೆ ಹೇಳಿದಳು. ಒಂದು ಸಾವನ್ನಾದರೂ ಕಾಣದ ಮನೆ ಅವಳ ಲೆಕ್ಕಕ್ಕೆ ಬರುತ್ತಿರಲಿಲ್ಲ. ಜೋಬ್ ಶಾಲೆಯ ಗಂಟೆಯನ್ನೂ ಬಾರಿಸುತ್ತಿದ್ದನೆಂದು ಆವತ್ತೊಂದು ಪೊಟ್ಟಣ ಬಂದಿತ್ತು, ಅಷ್ಟೆ. ಮೇಷ್ಟ್ರಿಗೆ ತುಸು ಅವಮಾನವಾಯಿತು. ಮುಂದಿನ ತಿಂಗಳು ಶಾಲೆಯಲ್ಲಿ 'ಶವಸಂಸ್ಕಾರದ ದುಂದುವೆಚ್ಚಗಳು' ಎಂಬ ಭಾಷಣ ಮಾಡಿದರು. ಬಿಸ್ಕತ್ತಿನ ವಿಷಯ ಬಂದಾಗ ಸಭಿಕರು ಎದ್ದು ಹೋಗಲಿಲ್ಲ. ಆದರೆ ಯಾರೂ ಕೆಮ್ಮಲೂ ಇಲ್ಲ. ಸ್ಕಾರ್‌ಬೆಕ್ಕಿನಲ್ಲಿ ಅದು ಎದ್ದು ಹೋಗುವುದಕ್ಕಿಂತ ಕೆಟ್ಟದ್ದು.

ಎರಡನೇ ಚಳಿಗಾಲಕ್ಕೆ ಲವೀನಿಯಾ ಉಸಿರು ಸಾಲದೆ ಮೆಟ್ಟಿಲ ನಡುವೆ ನಿಲ್ಲತೊಡಗಿದಳು. ನವೆಂಬರಿನಲ್ಲಿ ಮೆಟ್ಟಿಲಿಳಿಯುವುದನ್ನೇ ಬಿಟ್ಟಳು. ಡಾಕ್ಟರು ಬಾಗಿಲಾಚೆ ನಿಂತು ಮೇಷ್ಟ್ರಿಗೆ ಪಿಸುಗುಟ್ಟಿದರು: "ಎದೆಗೆ ನನ್ನ ಹತ್ತಿರ ಮದ್ದಿಲ್ಲ. ಹೊಟ್ಟೆಗೆ ಏನಾದರೂ ಹೋದರೆ ವಸಂತ ನೋಡಿಯಾರು. ಹೋಗದಿದ್ದರೆ ಜನವರಿ ದಾಟುವುದಿಲ್ಲ." ಡಾಕ್ಟರ ಪಿಸುಮಾತು ಬಾಗಿಲೀಚೆಗೂ ಚೆನ್ನಾಗಿ ಕೇಳಿಸುತ್ತಿತ್ತು.

ಮೇಷ್ಟ್ರು ಗೃಹಿಣಿಯರ ಕೈಪಿಡಿಗಳನ್ನು ತರಿಸಿ ಗೋಡೆಗೆ ಒಂದು ಪಟ್ಟಿ ಬರೆದು ಅಂಟಿಸಿದರು. ಎಂಟಕ್ಕೆ ಕೂವೆ ಹಿಟ್ಟಿನ ಗಂಜಿ. ಹತ್ತಕ್ಕೆ ದನದ ಮಾಂಸದ ತಿಳಿ, ಆರು ಚಮಚ. ಹನ್ನೆರಡಕ್ಕೆ ಕರುವಿನ ಕಾಲು ಬೇಯಿಸಿ ಹೆಪ್ಪುಗಟ್ಟಿಸಿದ ರಸ. ಮೂರಕ್ಕೆ ಸುಟ್ಟ ರೊಟ್ಟಿ ನೆನೆಸಿದ ನೀರು. ಎಲ್ಲವನ್ನೂ ತಾವೇ ನಿಂತು ಮಾಡಿದರು, ತಾವೇ ಒಯ್ದು ಕುಡಿಸಿದರು, ಎಷ್ಟು ಚಮಚ ಒಳಗೆ ಹೋಯಿತು ಎಷ್ಟು ಹೊರಗೆ ಬಂತು ಎಂದು ತಾವೇ ಗುರುತುಹಾಕಿದರು. ಪಟ್ಟಿ ತುಂಬಿತು, ಹೊಟ್ಟೆ ತುಂಬಲಿಲ್ಲ.

"ಏನು ತಿಂತೀಯ ಹೇಳು. ಏನು ಬೇಕಾದರೂ ಮಾಡಿಸ್ತೀನಿ."

"ಜೋಬನ ಬಿಸ್ಕತ್ತು" ಎಂದಳು ಲವೀನಿಯಾ. "ಹಾಲಲ್ಲಿ ಅದ್ದಿಕೊಂಡು. ಅದೊಂದು ಗಂಟಲಲ್ಲಿ ಇಳಿಯುತ್ತೆ ಅನ್ಸುತ್ತೆ."

ಮೇಷ್ಟ್ರು ಟೋಪಿಯನ್ನೂ ಮರೆತು ಡಾರ್ಕಸಮ್ಮನ ಮನೆಗೆ ಓಡಿದರು.

"ಆಗಲ್ಲ ಮೇಷ್ಟ್ರೇ" ಎಂದಳು ಅವಳು. "ಚರ್ಚಲ್ಲಿ ಸಾವಿನ ಗಂಟೆ ಬಡಿಯೋ ತನಕ ಅದಕ್ಕೆ ಮೊಟ್ಟೆ ಒಡೆಯಲ್ಲ ನಾನು."

"ಇದು ಮೂಢನಂಬಿಕೆ!"

"ಕೂತ್ಕೊಳ್ಳಿ. ಹನ್ನೆರಡು ವರ್ಷದ ಹಿಂದೆ ಮೇಲಿನ ಹೊಲದ ಮುದುಕ ಹಾಸಿಗೆ ಹಿಡಿದ. ಡಾಕ್ಟ್ರು ಇವತ್ತೋ ನಾಳೆಯೋ ಅಂದ್ರು. ದಾರಿ ದೂರ, ಹಿಮ ಬೇರೆ. ಮುಂಚೇನೇ ಮಾಡಿಕೊಡಿ ಅಂತ ಮಕ್ಕಳು ಬಂದ್ರು. ಮಾಡಿಕೊಟ್ಟೆ. ಮುದುಕ ಎದ್ದು ಕೂತ. ಬೀರುವಲ್ಲಿ ಕಂಬಳಿ ಹುಡುಕ್ತಾ ಹೋದೋನಿಗೆ ನೆಂಟರದ್ದೂ ಸೇರಿ ಐವತ್ತು ಪೊಟ್ಟಣ ಸಿಕ್ತು, ಕಪ್ಪು ಅರಗಿನ ಸಮೇತ. ಅದಾದ ಮೇಲೆ ಒಂಬತ್ತು ವರ್ಷ ಬದುಕಿದ. ಮಕ್ಕಳ ಹತ್ರ ಒಂದು ಮಾತಾಡ್ಲಿಲ್ಲ. ಆ ಒಂಬತ್ತು ವರ್ಷ ನನ್ನ ಕೈಯಿಂದ ಆಯ್ತು."

"ಹೆಸರು ಬದಲಾಯಿಸೋಣ. ಚಹಾ ಬಿಸ್ಕತ್ತು ಅನ್ನೋಣ."

"ನಿಮಗೆ ಇನ್ನೊಂದು ಹೆಸರಿಟ್ರೆ ಭಾಷಣ ನಿಲ್ಲುತ್ತಾ ಮೇಷ್ಟ್ರೇ?"

ಮೇಷ್ಟ್ರು ಮನೆಗೆ ಬಂದು ತಾವೇ ತೋಳೇರಿಸಿದರು. ನೋಟುಪುಸ್ತಕ ಎದುರಿಗಿಟ್ಟು, ಮೊಟ್ಟೆ ತೂಗಿ, ಸಕ್ಕರೆ ತೂಗಿ, ಗಡಿಯಾರ ನೋಡಿಕೊಂಡು ಕಡೆದರು. ತೋಳು ಹನ್ನೊಂದನೇ ನಿಮಿಷಕ್ಕೇ ಸಾಕು ಅಂದಿತು. ಒಲೆಯೊಳಗೆ ಕೈಯಿಟ್ಟು ಮನೆಗಳ ಹೆಸರು ಹೇಳಲು ಹೊರಟವರು ಹದಗಾರರ ಮನೆಯ ಹತ್ತಿರವೇ ಕೂಗಿಕೊಂಡು ಕೈ ತೆಗೆದರು. ಆದರೂ ಬೇಯಿಸಿದರು. ಬೆಣ್ಣೆ ಸವರಿದ ಬಟ್ಟೆ ಕೈಗೆ ಕಟ್ಟಿಕೊಂಡು ತಟ್ಟೆ ಹಿಡಿದು ಮೇಲೆ ಹೋದರು.

ಲವೀನಿಯಾ ಒಂದನ್ನು ಎತ್ತಿ ಮಂಚದ ಕಾಲಿಗೆ ಬಡಿದು ನೋಡಿದಳು. ಟಣ್ ಎಂದಿತು. "ಎಸೀಬೇಡಿ ರೀ. ಶಾಲೆಗೆ ಸ್ಲೇಟು ಕಮ್ಮಿ ಇದೆ ಅಂತಿದ್ರಲ್ಲ." ಎಷ್ಟೋ ವಾರಗಳ ಮೇಲೆ ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ. ಕರವಸ್ತ್ರವನ್ನು ಮಡಿಸಿ ಕೊಟ್ಟಳು. ಮೇಷ್ಟ್ರು ಬಿಡಿಸಿ ನೋಡದೆ ಕೆಳಗೆ ಒಯ್ದರು. ಪಟ್ಟಿಯಲ್ಲಿ ಆ ದಿನ ಏನನ್ನೂ ಬರೆಯಲಿಲ್ಲ.

ಮರುದಿನ ರೊಟ್ಟಿ ತಂದ ಡಾರ್ಕಸಮ್ಮ ಮೇಜಿನ ಮೇಲಿದ್ದ ತಟ್ಟೆ ನೋಡಿದಳು, ಮೇಷ್ಟ್ರ ಕೈಯ ಕಟ್ಟು ನೋಡಿದಳು. ಮೇಲೆ ಹತ್ತಿದಳು. ಮೇಷ್ಟ್ರು ಮೆಟ್ಟಿಲ ಬುಡದಲ್ಲಿ ನಿಂತರು. ಕದ್ದು ಕೇಳುವುದು ಶಾಲೆಯಲ್ಲಿ ಅವರು ಬೆತ್ತ ಹಿಡಿಯುತ್ತಿದ್ದ ಅಪರಾಧಗಳಲ್ಲಿ ಒಂದಾಗಿತ್ತು.

"ಗಂಟೆ ಬಡಿದ ಮೇಲೆ ನನಗೂ ಮಾಡ್ತೀರಲ್ವಾ ಡಾರ್ಕಸಮ್ಮ?"

"ಹಾಗೆಲ್ಲ ಅನ್ಬಾರ್ದು ತಾಯಿ."

"ಮಾಡ್ತೀರೋ ಇಲ್ವೋ?"

"ಮಾಡ್ತೀನಿ."

"ಊರೆಲ್ಲ ತಿನ್ನುತ್ತೆ. ನಮ್ಮೆಜಮಾನ್ರು ತೂಕ ಹಾಕಿ ತಿಂತಾರೆ. ನನ್ನ ಬಿಸ್ಕತ್ತು, ನನ್ನೊಬ್ಬಳಿಗೆ ಇಲ್ಲ. ಇದ್ಯಾವ ನ್ಯಾಯ?"

"ಆ ಮುದುಕನ ಕಥೆ..."

"ಗೊತ್ತು. ಅವನನ್ನ ಕೇಳ್ದೆ ಮಾಡಿದ್ರಿ, ಅದಕ್ಕೆ ಮುನಿಸ್ಕೊಂಡ. ನಾನೇ ಬಾಯ್ಬಿಟ್ಟು ಕೇಳ್ತಿದ್ದೀನಿ. ನಾನು ಯಾರ ಮೇಲೆ ಮುನಿಸ್ಕೊಳ್ಳಲಿ?"

ಡಾರ್ಕಸಮ್ಮ ಕೆಳಗಿಳಿದಾಗ ಅವಳ ಮುಖ ಕಲ್ಲಾಗಿತ್ತು. ಟೋಪಿಯ ದಾರ ಬಿಗಿದುಕೊಳ್ಳುತ್ತ ಹೇಳಿದಳು: "ಹಾಲು ಕಾಯಿಸಿಡಿ. ಅಳೀಬೇಡಿ."

ಹಾಲು ಕಾಯಿಸಿಟ್ಟು ಮೇಷ್ಟ್ರು ತಡೆಯಲಾರದೆ ಅವಳ ಭಟ್ಟಿಮನೆಗೆ ಹೋದರು. ಬಾಗಿಲಲ್ಲೇ ನಿಂತರು. ಅವಳು ಬೂದಿ ಎಳೆದಳು, ಒರೆಸಿದಳು, ಕೈ ಒಳಗಿಟ್ಟು ಕಣ್ಣು ಮುಚ್ಚಿದಳು. ಕೈ ತೆಗೆದು ಏಪ್ರನ್ನಿಗೆ ಒರೆಸಿಕೊಂಡು ಮತ್ತೆ ಇಟ್ಟಳು.

"ಶಾಲೆಮನೆ" ಎಂದಳು. "ಸೇತುವೆ ತಲೆ. ಗಿರಣಿ ಮನೆ..."

ಒಂದು ಮನೆ ಹೆಚ್ಚಾಗಿತ್ತು. ಕಮ್ಮಾರಸಾಲೆ ಮುಟ್ಟುವಾಗ ಅವಳ ಕೈ ಕೆಂಪಾಗಿತ್ತು. ಕೈ ಎಳೆದುಕೊಳ್ಳಲಿಲ್ಲ.

ಆ ದಿನ ಪೊಟ್ಟಣವಿರಲಿಲ್ಲ, ಅರಗಿರಲಿಲ್ಲ. ಒಗೆದ ಬಟ್ಟೆಯಲ್ಲಿ ಸುತ್ತಿ ಬಿಸಿಬಿಸಿಯಾಗಿ ತಂದಳು. ಲವೀನಿಯಾ ಒಂದನ್ನು ಹಾಲಿನಲ್ಲಿ ಅದ್ದಿ ತಿಂದಳು. ಎಲ್ಲರೂ ಕಾದರು. ಒಳಗೇ ಉಳಿಯಿತು. ಇನ್ನೊಂದನ್ನು ತೆಗೆದುಕೊಂಡಳು.

"ಚೆನ್ನಾಗಿದೆ. ಸಕ್ಕರೆ ಒಂಚೂರು ಕಮ್ಮಿ."

"ಇಪ್ಪತ್ಮೂರು ವರ್ಷದಿಂದ ಮಾಡ್ತಿದ್ದೀನಿ. ಸತ್ತೋರು ಯಾರೂ ಇಲ್ಲೀತನಕ ದೂರಿರ್ಲಿಲ್ಲ" ಎಂದಳು ಡಾರ್ಕಸಮ್ಮ.

ಅಂದಿನಿಂದ ಪ್ರತಿ ಶನಿವಾರ ಬಟ್ಟೆಯ ಗಂಟು ಬಂತು. ಸಕ್ಕರೆ ಒಂಚೂರು ಹೆಚ್ಚಾಯಿತು. ಬಿಸ್ಕತ್ತು ಹೋದ ದಾರಿಯಲ್ಲಿ ಹಾಲೂ ಹೋಯಿತು, ಹಾಲಿನ ಹಿಂದೆ ಒಂದೊಂದು ದಿನ ಮೊಟ್ಟೆಯೂ ಹೋಯಿತು. ಜನವರಿ ದಾಟಿತು. ಡಾಕ್ಟರು ತಮ್ಮ ಔಷಧಿಯನ್ನು ಹೊಗಳಿಕೊಂಡರು.

ಊರು ಹೊಗಳಲಿಲ್ಲ. ಬದುಕಿರುವವಳಿಗೆ ಸಾವಿನ ಬಿಸ್ಕತ್ತು ತಿನ್ನಿಸಿದ ಕೈ ಎಂಬ ಮಾತು ಬಾವಿಕಟ್ಟೆಯಿಂದ ಹುಟ್ಟಿ ಎಲ್ಲ ಕಡೆ ಹರಡಿತು. ಫೆಬ್ರವರಿಯಲ್ಲಿ ಹದಗಾರನ ತಾಯಿ ಸತ್ತಾಗ ಸೊಸೆ ಸಂತೆಪೇಟೆಯ ಅಂಗಡಿಯಿಂದ ಬಿಸ್ಕತ್ತು ತರಿಸಿದಳು. ಇಪ್ಪತ್ತಮೂರು ವರ್ಷ ಪೊಟ್ಟಣ ಕೊಡುತ್ತಿದ್ದ ಡಾರ್ಕಸಮ್ಮ ಆವತ್ತು ತನ್ನ ಹೊಸ್ತಿಲಲ್ಲಿ ನಿಂತು ಪೊಟ್ಟಣ ಇಸಿದುಕೊಂಡಳು. ಕ್ಷಮೆ ಕೇಳಬೇಕೆಂದು ಹೋದ ಮೇಷ್ಟ್ರಿಗೆ ಅವಳು ಅದನ್ನು ಬಿಚ್ಚಿ ತೋರಿಸಿದಳು.

"ಶಾಜೀರಿಗೆ ಹಳೇದು" ಎಂದಳು. ಅರಗಿನ ಮುದ್ರೆಯನ್ನು ಹೆಬ್ಬೆರಳಲ್ಲಿ ಉಜ್ಜುತ್ತ ಬಹಳ ಹೊತ್ತು ಕೂತಿದ್ದಳು. ಮೇಷ್ಟ್ರು, ಬದುಕಿನಲ್ಲಿ ಮೊದಲ ಸಲ ಇರಬೇಕು, ಹೇಳಬಂದ ಮಾತನ್ನು ಹೇಳದೆ ಎದ್ದರು.

ಏಪ್ರಿಲಿನಲ್ಲಿ ಗುಡ್ಡದ ಮೇಲೆ ಕುರಿಮರಿಗಳು ಕಾಣಿಸಿಕೊಂಡವು. ಲವೀನಿಯಾ ಕಿಟಕಿಯಿಂದ ಹನ್ನೊಂದು ದಿನ ಅವುಗಳನ್ನು ನೋಡಿದಳು. ಹನ್ನೆರಡನೇ ದಿನ ಬೆಳಗಿನ ಬಿಸಿಲಿನಲ್ಲಿ, ಹಾಲಿನ ಬಟ್ಟಲಲ್ಲಿ ಅದ್ದಿದ ಬಿಸ್ಕತ್ತು ಅಲ್ಲೇ ಇರುವಾಗ, ಹೋದಳು.

ಚರ್ಚಿನ ಗಂಟೆ ಮೊದಲು ಹೆಣ್ಣಿಗೆ ಬಡಿಯುವ ಲೆಕ್ಕದಲ್ಲಿ ಬಡಿಯಿತು, ಆಮೇಲೆ ವಯಸ್ಸಿಗೆ, ವರ್ಷಕ್ಕೊಂದು. ಡಾರ್ಕಸಮ್ಮ ಭಟ್ಟಿಯ ಮುಂದೆ ನಿಂತು ಮೂವತ್ತನಾಲ್ಕನ್ನೂ ಎಣಿಸಿದಳು. ಕೊನೆಯ ಬಡಿತ ಆರಿದ ಮೇಲೆ ಮೊದಲ ಮೊಟ್ಟೆ ಒಡೆದಳು.

ಮೇಷ್ಟ್ರನ್ನು ಆಗ ಕಾಡುತ್ತಿದ್ದದ್ದು ಒಂದೇ ಚಿಂತೆ: ಯಾರೂ ಬರುವುದಿಲ್ಲ. ಮನೆ ಹೊಸದು, ತಾವು ಹೊರಗಿನವರು, ಭಾಷಣ ಮಾಡಿದವರು. ಕರೆಯಹೋಗುವವಳ ಕೈಯನ್ನೇ ಊರು ದೂರವಿಟ್ಟಿದೆ. ಲವೀನಿಯಾ ಪರವೂರಿನವಳಾಗಿಯೇ ಮಣ್ಣಾಗುತ್ತಾಳೆ, ಅದಕ್ಕೆ ತಾವೇ ಕಾರಣ. ಹನ್ನೆರಡು ಬಾಗಿಲಿಗೂ ಹೋಗಿಬಂದ ಡಾರ್ಕಸಮ್ಮ ಬರಿದಾದ ಬುಟ್ಟಿಯನ್ನಷ್ಟೇ ತೋರಿಸಿದಳು. ಹದಗಾರರ ಬಾಗಿಲಲ್ಲಿ ನಡೆದದ್ದು ಅವರಿಗೆ ಆಮೇಲೆ ತಿಳಿಯಿತು. ಹದಗಾರನ ಹೆಂಡತಿ ಕೈಯನ್ನು ಏಪ್ರನ್ನಿನೊಳಗೆ ಸುತ್ತಿಕೊಂಡು ನಿಂತಿದ್ದಳಂತೆ, ಪೊಟ್ಟಣಕ್ಕೆ ಚಾಚಲಿಲ್ಲವಂತೆ.

"ತಗೋ, ಇಲ್ಲ ಬಿಡು" ಎಂದಳಂತೆ ಡಾರ್ಕಸಮ್ಮ. "ಆಕೆ ತಾನೇ ತಿಂದು ನೋಡಿ, ಸಕ್ಕರೆ ಹೇಳಿ ಮಾಡಿಸಿದ ಬಿಸ್ಕತ್ತಿದು. ನಿಮ್ಮತ್ತೇನ ಕೇಳಿ ಹಳೇ ಶಾಜೀರಿಗೆ ಹಾಕ್ಸಿದ್ಯಾ ನೀನು?" ಪೊಟ್ಟಣವನ್ನು ಹೊಸ್ತಿಲ ಮೇಲಿಟ್ಟು ಬಂದಳಂತೆ.

ಶನಿವಾರ ಎರಡಕ್ಕೆ ಮೇಷ್ಟ್ರು ಬಾಗಿಲಲ್ಲಿ ನಿಂತು ಎಣಿಸಿದರು. ಎಣಿಸುವುದೊಂದೇ ಅವರಿಗೆ ಗೊತ್ತಿದ್ದದ್ದು. ಸೇತುವೆ ತಲೆಯವರು ಬಂದರು. ಗಿರಣಿಯವರು ಬಂದರು. ಕಮ್ಮಾರ ಕೈ ತೊಳೆದುಕೊಂಡು ಬಂದ. ಹತ್ತು ಮನೆ ಆಯಿತು. ಹದಗಾರನ ಹೆಂಡತಿ ಯಾರ ಮುಖವನ್ನೂ ನೋಡದೆ ಬಂದು ಡಾರ್ಕಸಮ್ಮನ ಪಕ್ಕದ ಜಾಗದಲ್ಲಿ ಕೂತಳು. ಡಾರ್ಕಸಮ್ಮ ತುಸು ಸರಿದು ಜಾಗ ಕೊಟ್ಟಳು. ಕೊನೆಗೆ ಗಂಟೆ ಜೋಬನ ವಿಧವೆ ಬಂದಳು. ಕೈಯಲ್ಲಿ ಒಂದು ಜಾಡಿ.

"ನಿಮ್ಮದೇ ಮೇಷ್ಟ್ರೇ, ಆವತ್ತು ತಂದಿದ್ರಲ್ಲ. ಬರಿದಾಗಿ ಕೊಡ್ಬಾರ್ದು ಅಂತ ಇಷ್ಟು ದಿನ ಇಟ್ಕೊಂಡಿದ್ದೆ. ನಮ್ಮ ಬೇಲಿ ಹಣ್ಣಿನ ಜಾಮು."

ಮೇಷ್ಟ್ರು ಜಾಡಿ ತೆಗೆದುಕೊಂಡರು. "ಹೊಸಬರಾದ ನಮ್ಮನ್ನು..." ಎಂದು ಶುರುಮಾಡಿದರು. ಡಾರ್ಕಸಮ್ಮ ಎದ್ದು ಬಂದು ಜಾಡಿಯನ್ನು ಅವರ ಕೈಯಿಂದ ಬಿಡಿಸಿ ಬೆಂಚಿನ ಕೆಳಗಿಟ್ಟಳು.

ಎರಡು ವರ್ಷದ ಮೇಲೆ ಪುಸ್ತಕ ಅಚ್ಚಾಯಿತು. ಎಲ್ಲ ಪುಟದಲ್ಲೂ ತೂಕ, ಅಳತೆ, ನಿಮಿಷ. ಕಪ್ಪು ಅರಗಿನ ಪೊಟ್ಟಣದ ಬಿಸ್ಕತ್ತಿನ ಪುಟದಲ್ಲಿ ಮಾತ್ರ 'ಸಕ್ಕರೆ: ಮೊಟ್ಟೆಯಷ್ಟು, ಮೇಲೆ ಒಂಚೂರು. ಭಟ್ಟಿಯ ಕಾವು: ಹದಿಮೂರು ಮನೆ' ಎಂದಿತ್ತು. ದೂರದೂರದಿಂದ ಗೃಹಿಣಿಯರು ಕಾಗದ ಬರೆದು ಆಕ್ಷೇಪಿಸಿದರು. ಮೇಷ್ಟ್ರು ಯಾರಿಗೂ ವಿವರಿಸಹೋಗಲಿಲ್ಲ.

ಆ ಪುಟ ಓದಿದವರಲ್ಲಿ ದೊಡ್ಡಮನೆಯ ಬೀಗ ತೆಗೆಸಿ ಹೊಸದಾಗಿ ಬಂದಿದ್ದ ಲೇಡಿ ಟ್ರಸ್‌ಕಾಟ್ ಒಬ್ಬರು. ಒಂದು ಬೆಳಿಗ್ಗೆ ಅವರ ಸಾರೋಟು ಭಟ್ಟಿಮನೆಯ ಮುಂದೆ ನಿಂತಿತು. ಮೇಷ್ಟ್ರು ರೊಟ್ಟಿಗೆಂದು ಬಂದು ಮುಕ್ಕಾಲಿಯ ಮೇಲೆ ಕೂತಿದ್ದರು. ಲೇಡಿಯವರು ಬಾಗಿಲಲ್ಲೇ ನಿಂತು, ಲಂಗದ ಅಂಚನ್ನು ಬೂದಿಗೆ ತಾಗದಂತೆ ಎತ್ತಿಹಿಡಿದು, ಜೂನಿನಲ್ಲಿ ತಮ್ಮ ತೋಟದಲ್ಲಿ ಎಂಬತ್ತು ಜನಕ್ಕೆ ಚಹಾಕೂಟವೆಂದರು. ಆ ಪುಟ್ಟ ಪೊಟ್ಟಣಗಳು ಬೇಕು, ಆ ಕಪ್ಪು ಮುದ್ರೆಯೂ ಇರಲಿ, ಎಷ್ಟು ಮುದ್ದಾಗಿರುತ್ತದೆ ಎಂದರು.

"ಸಂಕೋಚ ಬೇಡ ಮಿಸೆಸ್ ಕೇರ್ಟನ್. ಹಿಟ್ಟು, ಸಕ್ಕರೆ, ಮೊಟ್ಟೆ, ನಮ್ಮನೆಯಿಂದ್ಲೇ ಕಳಿಸ್ತೀನಿ. ಇನ್ನೇನು ಬೇಕು ಹೇಳಿ?"

ಡಾರ್ಕಸಮ್ಮ ಕೈಯ ಹಿಟ್ಟನ್ನು ಏಪ್ರನ್ನಿಗೆ ಒರೆಸಿಕೊಂಡಳು.

"ಹಿಟ್ಟು, ಸಕ್ಕರೆ, ಮೊಟ್ಟೆ ನನ್ನ ಹತ್ರಾನೇ ಇದೆ ಅಮ್ಮಾವ್ರೆ. ನೀವು ಹೆಣ ಒಂದು ಕಳಿಸಿ."